ಮಡಿಲು ಹುಡುಕುವ ಮನೆಗಳು ಮುಚ್ಚದಿರಲಿ

1969ರ ಡೆಟ್ರಾಯಿಟ್. ಎರಡು ವರ್ಷಗಳ ಹಿಂದಿನ ಜುಲೈನಲ್ಲಿ ನಡೆದ ದಂಗೆಯಲ್ಲಿ 43 ಜನ ಸತ್ತಿದ್ದರು, ಬೀದಿಗೆ ಬೀದಿಯೇ ಸುಟ್ಟುಹೋಗಿತ್ತು. ಆ ಗಾಯ ಇನ್ನೂ ಹಸಿಯಾಗಿದ್ದ ನಗರದಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ಸಂಕಟವಿತ್ತು. ದತ್ತು ಸಂಸ್ಥೆಗಳ ಕಡತಗಳಲ್ಲಿ ಮನೆ ಸಿಗದ ಕಪ್ಪು ಮಕ್ಕಳ ಹೆಸರುಗಳು ಒಂದರ ಮೇಲೊಂದು ಸೇರುತ್ತಿದ್ದವು. ಏಕೆ ಹೀಗೆ ಎಂದು ಕೇಳಿದವರಿಗೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವೊಂದಿತ್ತು: ಕಪ್ಪು ಕುಟುಂಬಗಳು ದತ್ತು ತೆಗೆದುಕೊಳ್ಳಲು ಮುಂದೆ ಬರುವುದಿಲ್ಲ.

ಸಿಡ್ನಿ ಡಂಕನ್ ಎಂಬ ಸಮಾಜ ಕಾರ್ಯಕರ್ತೆ ಈ ಮಾತನ್ನು ನಂಬಲಿಲ್ಲ. ಆ ವರ್ಷ ಅವರ ಮುಂದಾಳತ್ವದಲ್ಲಿ ‘ಹೋಮ್ಸ್ ಫಾರ್ ಬ್ಲ್ಯಾಕ್ ಚಿಲ್ಡ್ರನ್’ ಶುರುವಾಯಿತು. ಮೊದಲ ವರ್ಷದಲ್ಲೇ ಅದು 137 ಕಪ್ಪು ಮಕ್ಕಳಿಗೆ ಮನೆ ಹುಡುಕಿತು. ನಗರ ಪ್ರದೇಶದ ಉಳಿದ 13 ಸಂಸ್ಥೆಗಳು ಸೇರಿ ಮನೆ ಸೇರಿಸಿದ ಕಪ್ಪು ಮಕ್ಕಳ ಸಂಖ್ಯೆಗಿಂತ ಅದು ಹೆಚ್ಚು.

ಊರು ಅದೇ, ಜನರೂ ಅವರೇ. ಬದಲಾದದ್ದು ಕದ ತೆರೆಯುವ ರೀತಿ.

ಆ ಕಾಲದ ದತ್ತು ಸಂಸ್ಥೆಗಳ ನಿಯಮಗಳನ್ನು ಬರೆದವರ ಕಣ್ಣಮುಂದೆ ಒಂದೇ ಬಗೆಯ ಕುಟುಂಬವಿತ್ತು: ಬಿಳಿಯ, ಮಧ್ಯಮ ವರ್ಗದ, ಮಕ್ಕಳಾಗದ ದಂಪತಿ. ಮಕ್ಕಳಾಗುವುದಿಲ್ಲ ಎಂಬುದಕ್ಕೆ ವೈದ್ಯರ ಪತ್ರ ಬೇಕು, ಮಗುವಿಗೆ ಬೇರೆ ಕೋಣೆ ಬೇಕು, ಬ್ಯಾಂಕಿನಲ್ಲಿ ಹಣ ಬೇಕು, ಹೆಂಡತಿ ಕೆಲಸ ಬಿಟ್ಟು ಮನೆಯಲ್ಲಿರಬೇಕು. ಕಾರು ಕಾರ್ಖಾನೆಯಲ್ಲಿ ಗಂಡ, ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಹೆಂಡತಿ, ಇಬ್ಬರೂ ದುಡಿದರೆ ಮಾತ್ರ ಸಂಸಾರ ಸಾಗುವ ಕಪ್ಪು ಕುಟುಂಬ ಈ ಪಟ್ಟಿಯ ಮೊದಲ ಸಾಲಿನಲ್ಲೇ ಎಡವುತ್ತಿತ್ತು. ಹಗಲು ಹೊತ್ತಿನಲ್ಲಿ ಮಾತ್ರ ತೆರೆದಿರುವ ಕಚೇರಿಗೆ ಪಾಳಿ ಬಿಟ್ಟು ಬರಬೇಕು. ಬಂದರೆ ಮೇಜಿನ ಆಚೆ ಕುಳಿತವರು ತಪ್ಪು ಹುಡುಕುವುದಕ್ಕೇ ಕುಳಿತಂತೆ ಕಾಣುತ್ತಿದ್ದರು. ಹೀಗೆ ಬಂದು ಹಿಂದಿರುಗಿದವರನ್ನು ಸಂಸ್ಥೆಗಳು ‘ಆಸಕ್ತಿ ಇಲ್ಲದವರು’ ಎಂದು ಬರೆದುಕೊಂಡವು.

ಡಂಕನ್ ಅವರ ಸಂಸ್ಥೆ ಜನರನ್ನು ಹೊರಗಿಡುವ ಜರಡಿಯನ್ನೇ ಬದಿಗಿಟ್ಟಿತು. ಕುಟುಂಬದಲ್ಲಿ ಏನಿಲ್ಲ ಎಂದು ನೋಡುವ ಬದಲು ಏನಿದೆ ಎಂದು ನೋಡುವುದು ಅದರ ಕ್ರಮವಾಯಿತು. ಅದೇ ಹೊತ್ತಿಗೆ ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆಯಲ್ಲಿ ರೂತ್ ಕಾರ್ಲ್ಟನ್ ಮನೆಗಾಗಿ ಕಾದಿರುವ ಮಕ್ಕಳನ್ನು ಪರಿಚಯಿಸುವ ಅಂಕಣ ಬರೆಯುತ್ತಿದ್ದರು. ಕಡತದೊಳಗಿನ ಹೆಸರಿಗೆ ಮುಖ ಬಂತು. ಅಂಕಣ ಓದಿ ಫೋನ್ ಮಾಡಿದವರಿಗೆ ಆ ತುದಿಯಲ್ಲಿ ತಮ್ಮದೇ ಧಾಟಿಯಲ್ಲಿ ಮಾತಾಡುವ, ತಮ್ಮ ಚರ್ಚು, ತಮ್ಮ ಓಣಿ ಗೊತ್ತಿರುವ ಒಬ್ಬರು ಸಿಗುವುದೆಂದರೆ ಸಣ್ಣ ಸಂಗತಿಯಲ್ಲ. ಸಮುದಾಯದ ದತ್ತು ಸಂಸ್ಥೆಯ ಬಂಡವಾಳವೇ ಅದು.

ಹಾಗೆ ನೋಡಿದರೆ ಕಪ್ಪು ಸಮುದಾಯಕ್ಕೆ ಪರರ ಮಗುವನ್ನು ಸಾಕುವುದು ಯಾರೋ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿ ತಾಯಿಯನ್ನು ಒಂದು ಕಡೆಗೆ, ಮಗುವನ್ನು ಇನ್ನೊಂದು ಕಡೆಗೆ ಮಾರುತ್ತಿದ್ದಾಗ ಉಳಿದ ಮಕ್ಕಳನ್ನು ಬೆಳೆಸಿದವರು ಪಕ್ಕದ ಗುಡಿಸಲಿನ ಹೆಂಗಸರು. ಆಮೇಲೆ ಅಜ್ಜಿ, ದೊಡ್ಡಮ್ಮ, ಚರ್ಚಿನ ಹಿರಿಯರು ಆ ಹೊಣೆ ಹೊತ್ತರು. ಕೋರ್ಟಿನ ಮೊಹರಿಲ್ಲದ ಈ ಸಾಕಣೆಯ ಬಗ್ಗೆ ಸಮಾಜಶಾಸ್ತ್ರಜ್ಞ ರಾಬರ್ಟ್ ಹಿಲ್ 1970ರ ದಶಕದಲ್ಲಿ ಬರೆದರು. ಅಣ್ಣ ತೀರಿಕೊಂಡರೆ ಅವನ ಮಕ್ಕಳು ತಮ್ಮನ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗುಣ ಗಡಿ ದಾಟಿ ಕೆಲಸ ಮಾಡಿದ್ದೂ ಉಂಟು. ಎರಡನೇ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಕಪ್ಪು ಅಮೆರಿಕನ್ ಸೈನಿಕರಿಗೂ ಜರ್ಮನ್ ಹೆಂಗಸರಿಗೂ ಹುಟ್ಟಿದ ಸಾವಿರಾರು ಮಕ್ಕಳು ಎರಡೂ ಕಡೆಗೆ ಬೇಡವಾದರು. ಸೇನಾಧಿಕಾರಿಯಾಗಿದ್ದ ಗಂಡನ ಜೊತೆ ಮಾನ್‌ಹೈಮ್‌ನಲ್ಲಿದ್ದ ಮೇಬಲ್ ಗ್ರಾಮರ್ ಎಂಬ ಕಪ್ಪು ಪತ್ರಕರ್ತೆ ಅಲ್ಲಿನ ಅನಾಥಾಲಯಗಳಲ್ಲಿ ಈ ಮಕ್ಕಳನ್ನು ಕಂಡರು. ‘ಆಫ್ರೋ-ಅಮೆರಿಕನ್’ ಪತ್ರಿಕೆಯಲ್ಲಿ ಬರೆದು ಅಮೆರಿಕದ ಕಪ್ಪು ಕುಟುಂಬಗಳನ್ನು ಕರೆದರು. ಕಾಗದ ಪತ್ರ, ವೀಸಾ, ವಿಮಾನದ ಸೀಟು ಎಲ್ಲದರ ಹಿಂದೆಯೂ ತಾವೇ ಓಡಾಡಿ ಸುಮಾರು 500 ಮಕ್ಕಳಿಗೆ ಮನೆ ಕಾಣಿಸಿದರು. ತಾವೂ 12 ಮಕ್ಕಳನ್ನು ದತ್ತು ತೆಗೆದುಕೊಂಡರು. ಆ ಹನ್ನೆರಡರಲ್ಲಿ ಕೊನೆಯವರು ನಾಜಾ ವೆಸ್ಟ್. 2015ರಲ್ಲಿ ಅವರು ಅಮೆರಿಕ ಭೂಸೇನೆಯ ಸರ್ಜನ್ ಜನರಲ್ ಆದರು, ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಅವರು.

ಶಿಕಾಗೋದ ಕಥೆ ಇನ್ನೂ ಸ್ವಾರಸ್ಯದ್ದು. ನಗರದ ದಕ್ಷಿಣ ಭಾಗದ ಹೋಲಿ ಏಂಜಲ್ಸ್ ಚರ್ಚಿನ ಪಾದ್ರಿ ಜಾರ್ಜ್ ಕ್ಲೆಮೆಂಟ್ಸ್, ಪ್ರತಿಯೊಂದು ಚರ್ಚಿನಿಂದ ಒಂದು ಕುಟುಂಬವಾದರೂ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲಿ ಎಂದು ಭಕ್ತರನ್ನು ಕೇಳಿಕೊಂಡರು. ಬರೀ ಬೋಧನೆಯಿಂದ ಜನ ಏಳಲಿಲ್ಲ. ಆಗ ತಾವೇ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವುದಾಗಿ ಘೋಷಿಸಿದರು. ಬ್ರಹ್ಮಚಾರಿ ಪಾದ್ರಿ ತಂದೆಯಾಗುವುದನ್ನು ನಗರದ ಕಾರ್ಡಿನಲ್ ಒಪ್ಪಲಿಲ್ಲ. ಆದರೂ 1981ರಲ್ಲಿ ಜೋಯಿ ಎಂಬ ಹುಡುಗ ಪಾದ್ರಿಯ ಮನೆ ಸೇರಿದ, ಮುಂದೆ ಇನ್ನೂ ಮೂವರು ಬಂದರು. ‘ಒನ್ ಚರ್ಚ್, ಒನ್ ಚೈಲ್ಡ್’ ಹೆಸರಿನ ಆ ಅಭಿಯಾನ ಇಲಿನಾಯ್ ದಾಟಿ ಹಲವು ರಾಜ್ಯಗಳಿಗೆ ಹರಡಿತು, 1987ರಲ್ಲಿ ಕ್ಲೆಮೆಂಟ್ಸ್ ಅವರ ಬದುಕು ಟಿ.ವಿ. ಚಿತ್ರವೂ ಆಯಿತು. ಸರ್ಕಾರದ ಜಾಹೀರಾತು ತಲುಪದ ಕಡೆ ಭಾನುವಾರದ ಪ್ರಾರ್ಥನೆ ತಲುಪಿತು.

ಇಷ್ಟು ಕೆಲಸ ಮಾಡಬಲ್ಲ ಸಂಸ್ಥೆಗಳು ಹಾಗಾದರೆ ಏಕೆ ಮತ್ತೆ ಮತ್ತೆ ಬಾಗಿಲು ಮುಚ್ಚುವ ಅಂಚಿಗೆ ಬರುತ್ತವೆ? ಉತ್ತರಕ್ಕೆ ಹಣ ಹರಿಯುವ ದಾರಿಯನ್ನು ನೋಡಬೇಕು.

ಅಮೆರಿಕದಲ್ಲಿ ಹೆತ್ತವರಿಂದ ಬೇರ್ಪಟ್ಟ ಮಕ್ಕಳು ಸರ್ಕಾರದ ಸುಪರ್ದಿಗೆ ಬಂದು ಫಾಸ್ಟರ್ ಕೇರ್ ಎಂಬ ತಾತ್ಕಾಲಿಕ ಪಾಲನೆಯಲ್ಲಿರುತ್ತಾರೆ. 2021ರಲ್ಲಿ ಇಂಥ ಮಕ್ಕಳು ಸುಮಾರು 3.9 ಲಕ್ಷ. ದೇಶದ ಒಟ್ಟು ಮಕ್ಕಳಲ್ಲಿ ಕಪ್ಪು ಮಕ್ಕಳ ಪಾಲು ಶೇ 14ರಷ್ಟಾದರೆ ಫಾಸ್ಟರ್ ಕೇರ್‌ನಲ್ಲಿ ಅವರ ಪಾಲು ಶೇ 22ರ ಆಸುಪಾಸು. ಇವರಿಗೆ ಮನೆ ಹುಡುಕುವ ಸಮುದಾಯದ ಸಂಸ್ಥೆ, ನವಜಾತ ಶಿಶುಗಳನ್ನು ಕೊಡಿಸುವ ಖಾಸಗಿ ಸಂಸ್ಥೆಗಳಂತೆ ದತ್ತು ಪಡೆಯುವವರಿಂದ ಹತ್ತಾರು ಸಾವಿರ ಡಾಲರ್ ಶುಲ್ಕ ಪಡೆಯುವುದಿಲ್ಲ. ಪಡೆದರೆ ಬರಬೇಕಾದ ಕುಟುಂಬಗಳೇ ಬರಲಾರವು. ಸಂಸ್ಥೆಗೆ ಹಣ ಬರಬೇಕಾದದ್ದು ರಾಜ್ಯ ಸರ್ಕಾರದಿಂದ, ಇಲ್ಲವೇ ನಮ್ಮ ಜಿಲ್ಲೆಯಂಥ ಕೌಂಟಿಯ ಆಡಳಿತದಿಂದ. ಆ ಹಣದ ದೊಡ್ಡ ಪಾಲು ಕೈಗೆ ಬರುವುದು ಮಗುವನ್ನು ಮನೆ ಸೇರಿಸಿದ ಮೇಲೆ, ಅನೇಕ ಕಡೆ ಕೋರ್ಟಿನ ಅಂತಿಮ ಆದೇಶ ಬಂದ ಮೇಲೆ.

ಅಲ್ಲಿಯವರೆಗಿನ ಖರ್ಚು? ಚರ್ಚು, ಸಲೂನು, ಶಾಲೆ ಸುತ್ತಿ ಕುಟುಂಬಗಳನ್ನು ಕರೆತರಬೇಕು. ಬಂದವರಿಗೆ ಸುಮಾರು 30 ಗಂಟೆಗಳ ತರಬೇತಿ ಕೊಡಬೇಕು. ಬೆರಳಚ್ಚು, ಪೊಲೀಸ್ ದಾಖಲೆ, ವೈದ್ಯರ ವರದಿ, ಪರಿಚಿತರ ಪತ್ರ ಕೂಡಿಸಬೇಕು. ಮತ್ತೆ ಮತ್ತೆ ಮನೆಗೆ ಹೋಗಿ ಕೂತು ಮಾತಾಡಿ, ಆ ಮನೆ ಮಗುವಿಗೆ ತಕ್ಕದ್ದೇ ಎಂದು ತೂಗುವ ಹೋಮ್ ಸ್ಟಡಿ ವರದಿ ಬರೆಯಬೇಕು. ಇಷ್ಟರ ನಡುವೆ ಯಾರಿಗೋ ಕೆಲಸ ಹೋಗುತ್ತದೆ, ಯಾರೋ ಊರು ಬಿಡುತ್ತಾರೆ, ಇನ್ಯಾರಿಗೋ ಸಾಕೆನಿಸುತ್ತದೆ. ಫಾಸ್ಟರ್ ಕೇರ್‌ನಿಂದ ದತ್ತು ಪಡೆಯಲು ಮೊದಲ ಫೋನ್ ಮಾಡುವ 28 ಜನರಲ್ಲಿ ಒಬ್ಬರು ಮಾತ್ರ ಕೊನೆಗೆ ಮಗುವನ್ನು ಮನೆಗೆ ಕರೆದೊಯ್ಯುತ್ತಾರೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಉಳಿದ 27 ಜನರ ಹಿಂದೆ ಓಡಾಡಿದ ಕಾಲಿಗೆ ಕೂಲಿ ಇಲ್ಲ. ದೊಡ್ಡ ಸಂಸ್ಥೆ ಈ ನಷ್ಟವನ್ನು ಬೇರೆ ಆದಾಯದಿಂದ ತುಂಬಿಕೊಳ್ಳುತ್ತದೆ. ಆರೇಳು ಜನರ ಸಣ್ಣ ಸಂಸ್ಥೆ ಸರ್ಕಾರದ ಚೆಕ್ಕು ಮೂರು ತಿಂಗಳು ತಡವಾದರೆ ಸಂಬಳ ನಿಲ್ಲಿಸಬೇಕಾಗುತ್ತದೆ.

ಅದೂ ಅಲ್ಲದೆ ಈ ಸಂಸ್ಥೆಗಳ ಬಳಿಗೆ ಬರುವವರು ಬೇರೆ ಕಡೆ ಮನೆ ಸಿಗದ ಮಕ್ಕಳು: ಹತ್ತು ದಾಟಿದವರು, ಒಟ್ಟಿಗೇ ಇರಬೇಕಾದ ಮೂವರು ಒಡಹುಟ್ಟಿದವರು, ಕಾಯಿಲೆಯವರು. ಅಮೆರಿಕದ ದತ್ತು ಕಾನೂನು ಇವರನ್ನು ‘ವಿಶೇಷ ಅಗತ್ಯದ ಮಕ್ಕಳು’ ಎಂದು ಕರೆಯುತ್ತದೆ, ಅನೇಕ ರಾಜ್ಯಗಳಲ್ಲಿ ಕಪ್ಪು ಜನಾಂಗದವರಾಗಿರುವುದೇ ಆ ಪಟ್ಟಿಗೆ ಸೇರಲು ಸಾಕಾದ ಕಾರಣಗಳಲ್ಲೊಂದಾಗಿತ್ತು. ಆರೋಗ್ಯವಾಗಿರುವ ಮಗು ತನ್ನ ಮೈಬಣ್ಣದ ಕಾರಣಕ್ಕೆ ಆ ಪಟ್ಟಿ ಸೇರುವುದನ್ನು ಯಾವ ಆಡಳಿತದ ಭಾಷೆಯೂ ಹಗುರ ಮಾಡಲಾರದು.

ಹಣದ ಪ್ರಶ್ನೆಯ ಜೊತೆಗೆ ಕಾನೂನಿನ ಪ್ರಶ್ನೆಯೂ ಹೆಣೆದುಕೊಂಡಿದೆ. 1971ರಲ್ಲಿ ಅಮೆರಿಕದ ಬಿಳಿಯ ಕುಟುಂಬಗಳು ದತ್ತು ತೆಗೆದುಕೊಂಡ ಕಪ್ಪು ಮಕ್ಕಳು 2,574. ಮರುವರ್ಷ ಕಪ್ಪು ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ ಇದನ್ನು ಕಟುವಾಗಿ ವಿರೋಧಿಸಿತು. ಕಪ್ಪು ಮಗು ಜನಾಂಗದ್ವೇಷದ ಸಮಾಜದಲ್ಲಿ ತಲೆಯೆತ್ತಿ ಬದುಕುವುದನ್ನು ಕಲಿಯುವುದು ತನ್ನವರ ಮನೆಯಲ್ಲೇ ಎಂಬುದು ಸಂಘದ ವಾದ. 1973ರ ಹೊತ್ತಿಗೆ ಅಂಥ ದತ್ತುಗಳ ಸಂಖ್ಯೆ ಸಾವಿರದ ಆಸುಪಾಸಿಗೆ ಇಳಿಯಿತು. ಇದಕ್ಕೆ ಎದುರಾಗಿ ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕಿ ಎಲಿಜಬೆತ್ ಬಾರ್ತೊಲೆ ಮುಂತಾದವರು, ಬಣ್ಣ ಹೊಂದಿಸುವ ಹಟದಲ್ಲಿ ಮಕ್ಕಳು ವರ್ಷಗಟ್ಟಲೆ ಕಾಯುತ್ತಿದ್ದಾರೆ ಎಂದರು. ಆ ಮಾತನ್ನು ತಳ್ಳಿಹಾಕಲಾಗದು. ಬಿಳಿಯ ಮನೆಗಳಲ್ಲಿ ಬೆಳೆದ ಅನೇಕ ಕಪ್ಪು ಮಕ್ಕಳು ಚೆನ್ನಾಗಿಯೇ ಬೆಳೆದರೆಂದು ರೀಟಾ ಸೈಮನ್ ಮತ್ತು ಹೊವರ್ಡ್ ಆಲ್ಟ್‌ಸ್ಟೈನ್ ಅವರ ದೀರ್ಘ ಅಧ್ಯಯನವೂ ತೋರಿಸಿತ್ತು.

1994ರಲ್ಲಿ ಸೆನೆಟರ್ ಹೊವರ್ಡ್ ಮೆಟ್ಜನ್‌ಬಾಮ್ ಅವರ ಪ್ರಯತ್ನದಿಂದ ಬಂದ ಕಾಯ್ದೆ, 1996ರ ತಿದ್ದುಪಡಿಯೊಂದಿಗೆ ಸೇರಿ, ಎರಡು ಮಾತು ಹೇಳಿತು. ಜನಾಂಗದ ಕಾರಣಕ್ಕೆ ದತ್ತನ್ನು ತಡೆಯಬಾರದು, ತಡಮಾಡಬಾರದು ಎಂಬುದು ಒಂದು. ಕಾದಿರುವ ಮಕ್ಕಳ ಜನಾಂಗ, ಹಿನ್ನೆಲೆಗಳನ್ನು ಹೋಲುವ ಕುಟುಂಬಗಳನ್ನು ರಾಜ್ಯಗಳು ಶ್ರದ್ಧೆಯಿಂದ ಹುಡುಕಬೇಕು ಎಂಬುದು ಇನ್ನೊಂದು. ಮೊದಲನೆಯ ಮಾತಿಗೆ ಹಲ್ಲಿತ್ತು: 2003ರಲ್ಲಿ ಒಹಾಯೊ ರಾಜ್ಯ ಮತ್ತು ಅಲ್ಲಿನ ಹ್ಯಾಮಿಲ್ಟನ್ ಕೌಂಟಿಯ ಮೇಲೆ 18 ಲಕ್ಷ ಡಾಲರ್ ದಂಡ ಬಿತ್ತು. ಕುಟುಂಬ ಹುಡುಕುವ ಹೊಣೆಯ ವಿಷಯದಲ್ಲಿ ಈ ಬಿಗಿ ಕಾಣಲಿಲ್ಲ, ಅದಕ್ಕೆಂದು ಕಾಯ್ದೆ ಬೇರೆ ಹಣವನ್ನೂ ಇಡಲಿಲ್ಲ. ಆ ಹುಡುಕಾಟವೇ ಕಸುಬಾಗಿದ್ದ ಸಮುದಾಯದ ಸಂಸ್ಥೆಗಳು ಹೀಗೆ ಕಾನೂನಿನ ಪುಟದಲ್ಲಿ ಅಗತ್ಯವಾಗಿಯೂ ಬಜೆಟ್ಟಿನಲ್ಲಿ ಅನಗತ್ಯವಾಗಿಯೂ ಉಳಿದವು. ಇವೆರಡು ಮಾತುಗಳು ಒಂದಕ್ಕೊಂದು ವಿರೋಧಿಗಳೂ ಅಲ್ಲ. ಹುಡುಕಾಟ ಚೆನ್ನಾಗಿ ನಡೆದ ಊರಿನಲ್ಲಿ ಬಣ್ಣಕ್ಕಾಗಿ ಮಗುವನ್ನು ಕಾಯಿಸುವ ಪ್ರಸಂಗ ತಾನಾಗಿಯೇ ಕಡಿಮೆಯಾಗುತ್ತದೆ. ಡೆಟ್ರಾಯಿಟ್ ಅದನ್ನು ಒಂದೇ ವರ್ಷದಲ್ಲಿ ತೋರಿಸಿತ್ತು.

ಕುಟುಂಬ ಹುಡುಕುವ ಹೊಣೆಗೆ ಬಿಗಿಯೂ ಹಣವೂ ಇಲ್ಲದ ಈ ಲೋಪವನ್ನು 2008ರಲ್ಲಿ ವಿವರವಾಗಿ ಎತ್ತಿ ತೋರಿಸಿದ್ದು ನ್ಯೂಯಾರ್ಕಿನ ಡೊನಾಲ್ಡ್‌ಸನ್ ದತ್ತು ಅಧ್ಯಯನ ಸಂಸ್ಥೆ. ಹತ್ತು ವರ್ಷಗಳ ನಂತರ, 2018ರ ಆರಂಭದಲ್ಲಿ, ಹಣವಿಲ್ಲದೆ ಆ ಸಂಸ್ಥೆಯೇ ಮುಚ್ಚಿತು.

ಇತ್ತೀಚಿನ ಹೊಡೆತ ಬಂದದ್ದು ಯಾರೂ ನೋಡದಿದ್ದ ದಿಕ್ಕಿನಿಂದ, ವಿಮೆಯಿಂದ. ಕ್ಯಾಲಿಫೋರ್ನಿಯಾದಲ್ಲಿ ಫಾಸ್ಟರ್ ಕುಟುಂಬಗಳನ್ನು ಆಯ್ದು ನೋಡಿಕೊಳ್ಳುವ ಲಾಭರಹಿತ ಸಂಸ್ಥೆಗಳಿಗೆ ಹೊಣೆಗಾರಿಕೆ ವಿಮೆ ಇಲ್ಲದೆ ಕೆಲಸ ಮಾಡಲು ಬರುವುದಿಲ್ಲ. ಅಂಥ ಸಂಸ್ಥೆಗಳಲ್ಲಿ ಶೇ 90ರಷ್ಟಕ್ಕೆ ವಿಮೆ ಒದಗಿಸುತ್ತಿದ್ದದ್ದು ಒಂದೇ ವಿಮಾ ಒಕ್ಕೂಟ. ದಾವೆಗಳೂ ಪರಿಹಾರದ ಮೊತ್ತವೂ ಏರುತ್ತಿವೆಯೆಂದು ಹೇಳಿ ಆ ಒಕ್ಕೂಟ 2024ರಲ್ಲಿ ಪಾಲಿಸಿಗಳನ್ನು ನವೀಕರಿಸುವುದಿಲ್ಲವೆಂದು ತಿಳಿಸಿತು. ಬೇರೆ ಕಂಪನಿಗಳು ಕೇಳಿದ ಕಂತು ಹಿಂದಿನದರ ಹಲವು ಪಟ್ಟು. ಕೆಲವು ಸಂಸ್ಥೆಗಳು ಕೆಲಸ ನಿಲ್ಲಿಸಿದವು. ಕೂಡಿಟ್ಟ ದುಡ್ಡಿನ ಗಂಟಿಲ್ಲದ ಸಣ್ಣವುಗಳಿಗೆ ಪೆಟ್ಟು ಹೆಚ್ಚು ಬಲವಾಗಿ ಬಿತ್ತು. ರಾಜ್ಯ ಸರ್ಕಾರ 3.15 ಕೋಟಿ ಡಾಲರ್ ತಾತ್ಕಾಲಿಕ ನೆರವು ಕೊಟ್ಟು ಒಂದಷ್ಟು ಉಸಿರಾಡಲು ಬಿಟ್ಟಿತು. ಫಾಸ್ಟರ್ ಮನೆಗಳಲ್ಲಿ ನೊಂದ ಮಕ್ಕಳಿಗೆ ಪರಿಹಾರ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೊಣೆಯ ಇಡೀ ಭಾರವನ್ನು ಒಂದು ಓಣಿಯ ಸಂಸ್ಥೆಯ ಹೆಗಲಿಗೆ ಬಿಟ್ಟರೆ ಮುಂದಿನ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಉಳಿಯುವುದಿಲ್ಲ.

ದತ್ತು ಸಂಸ್ಥೆ ಮುಚ್ಚುವುದು ಅಂಗಡಿ ಮುಚ್ಚಿದಂತಲ್ಲ. 2017ರ ಜನವರಿ 31ರಂದು ಕ್ಯಾಲಿಫೋರ್ನಿಯಾ ಮೂಲದ ‘ಇಂಡಿಪೆಂಡೆಂಟ್ ಅಡಾಪ್ಷನ್ ಸೆಂಟರ್’ ಒಮ್ಮೆಲೇ ದಿವಾಳಿ ಘೋಷಿಸಿತು. ಹಲವು ರಾಜ್ಯಗಳ ನೂರಾರು ಕುಟುಂಬಗಳು ಕಟ್ಟಿದ ಹಣ ಕಳೆದುಕೊಂಡವು, ಅರ್ಧಕ್ಕೆ ನಿಂತ ಕಾಗದಪತ್ರ ಹಿಡಿದು ಬೇರೆ ಬಾಗಿಲು ತಟ್ಟಿದವು. 2004ರಲ್ಲಿ ಮುಚ್ಚಿದ ನ್ಯೂಯಾರ್ಕಿನ ‘ಲೂಯಿಸ್ ವೈಸ್ ಸರ್ವಿಸಸ್’ 1950ರ ದಶಕದಲ್ಲೇ ಕಪ್ಪು ಮಕ್ಕಳಿಗೆ ಮನೆ ಹುಡುಕುವ ಕಾರ್ಯಕ್ರಮ ನಡೆಸಿತ್ತು. ಅದರ ಕಡತಗಳು ‘ಸ್ಪೆನ್ಸ್-ಚೇಪಿನ್’ ಎಂಬ ಇನ್ನೊಂದು ಸಂಸ್ಥೆಯ ವಶಕ್ಕೆ ಹೋದವು. ತನ್ನನ್ನು ಹೆತ್ತವರು ಯಾರು, ಅವರಿಗೆ ಯಾವ ಕಾಯಿಲೆ ಇತ್ತು, ತನಗೆ ಒಡಹುಟ್ಟಿದವರಿದ್ದಾರೆಯೇ ಎಂದು ನಲವತ್ತರ ವಯಸ್ಸಿನಲ್ಲಿ ತಿಳಿಯಬಯಸುವ ಮನುಷ್ಯನಿಗೆ ಇರುವ ಒಂದೇ ಎಳೆ ಆ ಕಡತ. ಅದಕ್ಕಿಂತ ಹೆಚ್ಚಾಗಿ, ಮಗು ಮನೆ ಸೇರಿ ನಾಲ್ಕು ವರ್ಷದ ಮೇಲೆ, ಹದಿಹರೆಯದ ಬಿರುಗಾಳಿ ಎದ್ದಾಗ, ರಾತ್ರಿ ಹತ್ತಕ್ಕೆ ಫೋನ್ ಮಾಡಬಹುದಾಗಿದ್ದ ಆ ಕಾರ್ಯಕರ್ತೆ ಇಲ್ಲವಾಗುತ್ತಾಳೆ. ದತ್ತು ಮುರಿದುಬೀಳುವ ಅಪಾಯವಿರುವುದು ಇಂಥ ರಾತ್ರಿಗಳಲ್ಲೇ. ಮನೆಯೇ ಸಿಗದೆ ವಯಸ್ಸು ಮೀರಿ ವ್ಯವಸ್ಥೆಯಿಂದ ಹೊರಬೀಳುವ ಯುವಕ ಯುವತಿಯರು 2020ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 20 ಸಾವಿರದಷ್ಟಿದ್ದರು.

ಇಂಥ ಸಂಸ್ಥೆಗಳನ್ನು ಉಳಿಸುವುದು ಅಸಾಧ್ಯವೇನಲ್ಲ. ನ್ಯೂಯಾರ್ಕಿನಲ್ಲಿ 1836ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮಹಿಳೆಯರು ಕಪ್ಪು ಅನಾಥ ಮಕ್ಕಳಿಗಾಗಿ ಕಟ್ಟಿದ ಆಶ್ರಮವನ್ನು 1863ರ ಜುಲೈ 13ರಂದು ಗಲಭೆಕೋರರು ಸುಟ್ಟುಹಾಕಿದರು. ಒಳಗಿದ್ದ 233 ಮಕ್ಕಳು ಹಿಂಬಾಗಿಲಿನಿಂದ ಹೊರಟು ಬದುಕಿಕೊಂಡರು. ಆಶ್ರಮ ಮತ್ತೆ ಎದ್ದಿತು, ಹೆಸರು ಬದಲಿಸಿತು, ಕೆಲಸದ ರೀತಿಯನ್ನೂ ಬದಲಿಸಿತು. ಅದರ ಉತ್ತರಾಧಿಕಾರಿಯೇ ‘ಹಾರ್ಲೆಮ್ ಡೌಲಿಂಗ್’.

ಯಾವ ಹಣ ಕೆಲಸ ಮಾಡುತ್ತದೆ ಎಂಬುದಕ್ಕೂ ಪುರಾವೆ ಇದೆ. ವೆಂಡೀಸ್ ಹೋಟೆಲ್ ಸರಣಿಯ ಸ್ಥಾಪಕ ಡೇವ್ ಥಾಮಸ್ ಸ್ವತಃ ದತ್ತು ಮಗು. ಅವರ ಹೆಸರಿನ ಪ್ರತಿಷ್ಠಾನ 2004ರಿಂದ ದತ್ತು ಸಂಸ್ಥೆಗಳಿಗೆ ಕೊಡುವುದು ಮಗುವೊಂದಕ್ಕೆ ಇಷ್ಟು ಎಂಬ ಲೆಕ್ಕದ ಹಣವನ್ನಲ್ಲ. ಕೆಲವೇ ಮಕ್ಕಳ ಹಿಂದೆ ಬಿದ್ದು, ಅವರ ಹಳೆಯ ಶಿಕ್ಷಕರು, ದೂರದ ನೆಂಟರು, ಒಂದು ಕಾಲದ ನೆರೆಯವರು ಎಲ್ಲರನ್ನೂ ಹುಡುಕಿ ಮನೆ ಕಾಣಿಸುವ ಒಬ್ಬ ಕಾರ್ಯಕರ್ತರ ಸಂಬಳವನ್ನು. 2011ರಲ್ಲಿ ಮುಗಿದ ಐದು ವರ್ಷಗಳ ಮೌಲ್ಯಮಾಪನದ ಪ್ರಕಾರ ಹೀಗೆ ಹುಡುಕಲಾದ ಮಕ್ಕಳಿಗೆ ದತ್ತು ಸಿಗುವ ಸಾಧ್ಯತೆ 1.7 ಪಟ್ಟು ಹೆಚ್ಚು. ದೊಡ್ಡ ಮಕ್ಕಳಿಗೆ ಸುಮಾರು 3 ಪಟ್ಟು. ಖಚಿತ ಸಂಬಳ ಕೊಟ್ಟು, ಅವಸರಪಡಿಸದೆ, ಜನರನ್ನು ಬಲ್ಲ ಒಬ್ಬರನ್ನು ಬಿಟ್ಟರೆ ಮನೆಗಳು ಸಿಗುತ್ತವೆ. ಡಂಕನ್, ಗ್ರಾಮರ್, ಕ್ಲೆಮೆಂಟ್ಸ್ ಮಾಡಿದ್ದೂ ಇದನ್ನೇ. ಹಾಗಾಗಿ ಕೌಂಟಿಗಳು ಫಲಿತಾಂಶ ಬಂದ ಮೇಲೆ ದುಡ್ಡು ಎನ್ನುವುದನ್ನು ಬಿಟ್ಟು ಈ ಸಂಸ್ಥೆಗಳ ಮೂಲ ಖರ್ಚನ್ನು ವರ್ಷದ ಮೊದಲೇ ಕೊಡಬೇಕು, ವಿಮೆಯ ಹೊಣೆಯಲ್ಲಿ ರಾಜ್ಯ ಪಾಲು ಹೊರಬೇಕು, ದತ್ತು ಆದ ನಂತರದ ಆಸರೆಗೂ ಹಣ ತೆಗೆದಿಡಬೇಕು. ಕಪ್ಪು ಮಕ್ಕಳನ್ನು ಸುಲಭವಾಗಿ ಮನೆಯಿಂದ ಬೇರ್ಪಡಿಸುವುದಕ್ಕೆ ಕಡಿವಾಣ ಹಾಕಿ ಮಿನ್ನೆಸೋಟ 2024ರಲ್ಲಿ ಕಾಯ್ದೆ ತಂದಿದೆ. ಅದು ಹೇಳುವಂತೆ ನೆಂಟರಿಷ್ಟರನ್ನು ಹುಡುಕಬೇಕಾದರೂ ಓಣಿ ಬಲ್ಲ ಸಂಸ್ಥೆಗಳೇ ಬೇಕು.

ಡೆಟ್ರಾಯಿಟ್ ಸುತ್ತಮುತ್ತ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳಲ್ಲಿ ಸಾವಿರಾರು ಕನ್ನಡದ ಮನೆಗಳಿವೆ. ಯುಗಾದಿ, ರಾಜ್ಯೋತ್ಸವಗಳಿಗೆ ಹಣ ಕೂಡಿಸಿ ಅಚ್ಚುಕಟ್ಟಾಗಿ ಲೆಕ್ಕ ಇಡುವ ಕನ್ನಡ ಕೂಟಗಳಿವೆ. ಅಲ್ಲಿರುವ ಓದುಗರು ತಮ್ಮ ಕೌಂಟಿಯಲ್ಲಿ ಕಪ್ಪು ಮಕ್ಕಳಿಗಾಗಿ ದುಡಿಯುವ ದತ್ತು ಸಂಸ್ಥೆ ಯಾವುದೆಂದು ವಿಚಾರಿಸಲಿ. ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990 ಯಾರು ಬೇಕಾದರೂ ನೋಡಬಹುದಾದ ದಾಖಲೆ, ಅದನ್ನು ಓದಿ ಸಂಸ್ಥೆಯ ಸ್ಥಿತಿ ತಿಳಿದುಕೊಳ್ಳಲಿ. ಕೊಡುವ ಹಣಕ್ಕೆ ಷರತ್ತು ಹಾಕದಿರಲಿ, ಏಕೆಂದರೆ ಬಾಡಿಗೆ, ವಿಮೆಯ ಕಂತು, ತಡವಾದ ತಿಂಗಳ ಸಂಬಳ ಇವಕ್ಕೆಂದು ಯಾರೂ ಕೊಡುವುದಿಲ್ಲ; ಸಂಸ್ಥೆಗಳು ಮುಚ್ಚುವುದೂ ಇವುಗಳಿಂದಲೇ. ಲೆಕ್ಕಪತ್ರ ಬಲ್ಲವರು ತಿಂಗಳಿಗೊಂದು ಶನಿವಾರ ಅಲ್ಲಿಗೆ ಹೋಗಿ ಕೂರಲಿ. ಕೌಂಟಿಯ ಬಜೆಟ್ ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು, ಆ ಸಂಸ್ಥೆಯ ಹೆಸರೆತ್ತಿ ಎರಡು ನಿಮಿಷ ಮಾತಾಡಲಿ.